ಚಕ್ರದ ಮನೆ, ಹಿತ್ತಲ ರೂಮು

ಐ.ಟಿ.ಐ. ಮುಗಿಸ್ಕೊಂಡು ಬಸ್ ಬಾಡಿ ಷೆಡ್ಡಿಗೆ ಸೇರಬೇಕು ಅನ್ನೋರು ವರ್ಷಕ್ಕೊಬ್ಬರೋ ಇಬ್ಬರೋ ನಮ್ಮನೆ ಹುಡುಕ್ಕೊಂಡು ಬರ್ತಾರೆ. "ಆಚಾರ್ರೇ, ಈ ಕೆಲಸದಲ್ಲಿ ಮುಂದೆ ಬರಬೋದಾ?" ಅಂತಾರೆ. ಮುಂದೆ ಹೋಗೋದು ಬಸ್ಸು ಕಣಪ್ಪ, ಕಟ್ಟಿದೋನು ಷೆಡ್ಡಲ್ಲೇ ಇರ್ತಾನೆ ಅಂತೀನಿ. ನಗ್ತಾರೆ. ನಗಲಿ ಅಂತ ನಾನು ಹೇಳಿದ್ದಲ್ಲ.

ಹಾಸನದ ಒಂದೇ ಷೆಡ್ಡಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಬಸ್ಸಿಗೆ ಮೈ ಕಟ್ಟಿದೀನಿ. ಎಡಗಿವಿ ಕೇಳಲ್ಲ. ಬಲಗೈ ಹೆಬ್ಬೆಟ್ಟಿನ ತುದಿ ಗರಗಸದ ಮಿಷನ್ನು ತಿಂದದೆ. ಕೆಲಸ ಬಿಟ್ಟ ದಿನ ಒಂದು ಶಾಲು ಹೊದಿಸಿದ್ರು, ಅದು ಹಾಸನದ ಚಳಿಗೆ ಏನೂ ಸಾಲದು. ಇಷ್ಟು ಮೊದಲೇ ಹೇಳಿಬಿಟ್ಟಿದೀನಿ, ಆಮೇಲೆ ಯಾರೂ ಬಂದು ಆಚಾರಿ ನಮ್ಮನ್ನ ದಾರಿ ತಪ್ಪಿಸ್ದ ಅನ್ನಬಾರದು.

ಕಾರ್ಖಾನೆಯಿಂದ ಬರೋದು ಬರೀ ಚಾಸಿ. ಇಂಜಿನ್ನು, ಆರು ಗಾಲಿ, ಡ್ರೈವರ್ ಕೂರೋಕೆ ಒಂದು ಹಲಗೆ, ಅಷ್ಟೇ. ತಲೆಗೆ ಟವೆಲ್ ಸುತ್ಕೊಂಡು, ಬಿಸಿಲು ಗಾಳಿ ಕುಡ್ಕೊಂಡು ಡ್ರೈವರು ಅದನ್ನ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸೋನು. ಅಲ್ಲಿಂದ ಮುಂದಿಂದೆಲ್ಲ ನಮ್ಮದು. ನಾನು ಮರ, ಗಫೂರ್ ಸಾಬ್ರು ತಗಡು. ಗಫೂರ್ ಸಾಬ್ರನ್ನ ಷೆಡ್ಡಲ್ಲೆಲ್ಲ ಉಸ್ತಾದ್ ಅಂತಿದ್ವಿ. ನನಗಿಂತ ಹದಿನೈದು ವರ್ಷ ದೊಡ್ಡೋರು, ಟೇಪು ಹಿಡೀದೆ ಗೇಣು ಹಾಕಿ ಅಳೀತಿದ್ರು, ಕೂದಲೆಳೆ ತಪ್ಪುತಿರಲಿಲ್ಲ. ಷೆಡ್ಡಿನ ಯಜಮಾನರು ಗೌಡ್ರು. ಅವರ ಬಾಯಲ್ಲಿ ಚೆನ್ನಾಗದೆ ಅನ್ನೋ ಮಾತು ಒಂದು ದಿನ ಬಂದಿದ್ದು ನಾನು ಕೇಳಲಿಲ್ಲ. ಕೆಲಸ ಸರಿಯಾಗಿದ್ರೆ ಸುಮ್ಮನಿರೋರು, ಕೆಟ್ಟರೆ ಬಾಯಿ ತೆಗೆಯೋರು. ಆ ಸುಮ್ಮನಿರೋದನ್ನೇ ನಾವು ಹೊಗಳಿಕೆ ಅಂದ್ಕೋಬೇಕಿತ್ತು.

ಅವರು ಬಾಯಿ ತೆಗೆದ ಒಂದು ಸಂಗತಿ ಹೇಳ್ತೀನಿ. ಅರಕಲಗೂಡು ಲೈನಿನ ಒಂದು ಬಸ್ಸು. ನಾನೇ ತಲೆ ಹಾಕಿ ಮೊದಲಿಂದ ಕೊನೆವರೆಗೆ ಮಾಡಿದ ಮೊದಲನೇ ಗಾಡಿ ಅದು. ಸೀಟು, ಕಿಟಕಿ, ಮೇಲೆ ಸಾಮಾನಿಡೋ ಹಲಗೆ ಎಲ್ಲ ಅಚ್ಚುಕಟ್ಟಾಗಿ ಕೂತಿತ್ತು. ಗಾಡಿ ತಗೊಂಡು ಹೋಗೋಕೆ ಬಂದ ಡ್ರೈವರು ಹತ್ತಿ ಕೂತ, ಸ್ಟೀರಿಂಗಿಗೆ ಕೈ ಮುಗಿದ, ತಲೆ ಎತ್ತಿ ನೋಡಿದ, ಇಳಿದುಬಿಟ್ಟ.

"ದೇವ್ರೆಲ್ಲಿ ಆಚಾರ್ರೇ?" ಅಂದ.

ಮುಂದಿನ ಗಾಜಿನ ಮೇಲೆ ದೇವರ ಫೋಟೋಕ್ಕೆ ಒಂದು ಗೂಡು ಬಿಡೋದು ಪದ್ಧತಿ. ಅದಕ್ಕೊಂದು ಪುಟಾಣಿ ಬಲ್ಬು, ಹೂ ಸಿಗಿಸೋಕೆ ಕಂಬಿ. ನಾನು ಚಂದ ಕಾಣಲಿ ಅಂತ ಅಲ್ಲಿ ಉದ್ದಕ್ಕೂ ಒಂದೇ ಹಲಗೆ ಹೊಡೆದು ಪಾಲೀಶ್ ಮಾಡಿದ್ದೆ. ಡ್ರೈವರು ಗಾಡಿ ಮುಟ್ಟೋಕೇ ಒಪ್ಪಲಿಲ್ಲ. ಗೌಡ್ರು ಬಂದ್ರು. "ಐವತ್ತು ಜನುಕ್ಕೆ ಸೀಟ್ ಮಾಡಿದ್ದೀಯಲ್ಲಲೇ, ಒಬ್ಬ ದ್ಯಾವ್ರಿಗೆ ಜಾಗ ಮಡಗ್ನಿಲ್ವಲ್ಲ. ಅವನೇನ್ ನಿಂತ್ಕಂಡು ಬತ್ತಾನಾ?" ಅಂದ್ರು. ಇಡೀ ಷೆಡ್ಡು ನಕ್ಕಿತು. ಹಲಗೆ ಒಡೆದು ಗೂಡು ಮಾಡಿಕೊಟ್ಟೆ. ಅವತ್ತಿಂದ ಯಾವ ಗಾಡಿ ಬಂದ್ರೂ ಮೊದಲು ದೇವರ ಗೂಡಿಗೆ ಗುರುತು ಹಾಕಿ ಆಮೇಲೆ ಜನರ ಸೀಟಿಗೆ ಹೋಗ್ತಿದ್ದೆ.

ತೊಂಬತ್ತರ ದಶಕ ನಡುವಿಗೆ ಬರೋ ಹೊತ್ತಿಗೆ ಮರ ಹೋಯ್ತು. ಕಬ್ಬಿಣದ ಚೌಕದ ಪೈಪು ಬಂತು, ವೆಲ್ಡಿಂಗ್ ಬಂತು, ರಿವೆಟ್ಟು ಹೊಡೆಯೋ ಸದ್ದು ಕಡಿಮೆಯಾಯ್ತು. ಹೊನ್ನೆ ಮರ, ತೇಗದ ಮರ ವಾಸನೆ ನೋಡಿ ಗುರುತು ಹಿಡಿಯೋ ನನ್ನ ವಿದ್ಯೆ ಯಾರಿಗೂ ಬೇಡವಾಯ್ತು. ಸೀಟಿನ ಕೆಳಗೆ ಪ್ಲೈವುಡ್ ಕತ್ತರಿಸಿ ಮೊಳೆ ಹೊಡೆಯೋ ಕೆಲಸಕ್ಕೆ ನನ್ನ ಹಾಕಿದ್ರು. ಅದನ್ನ ಯಾರು ಬೇಕಾದ್ರೂ ಮಾಡ್ತಾರೆ. ಸಂಬಳ ಅಷ್ಟೇ ಬರೋದು, ಆದರೆ ಮನೆಗೆ ಬಂದು ಉಣ್ಣೋಕೆ ಕೂತ್ರೆ ಅನ್ನ ಇಳೀತಿರಲಿಲ್ಲ. ನಿಮ್ಮ ಕಾಲದಲ್ಲೂ ಇಂಥದ್ದು ಬರ್ತದೆ. ಆವಾಗ ಯಾರೂ ನಿಮ್ಮನ್ನ ಮಾತಾಡಿಸಲ್ಲ, ತಿಳ್ಕೊಂಡಿರಿ.

ಅಂಥ ಕಾಲದಲ್ಲಿ ಆ ವ್ಯಾನು ಬಂತು.

ಲಾರಿಗೆ ಹಗ್ಗ ಕಟ್ಟಿ ಎಳ್ಕೊಂಡು ಬಂದಿದ್ರು. ಮೂತಿ ಇಲ್ಲದ ಗುಂಡು ಮುಖದ ವಿಲಾಯತಿ ವ್ಯಾನು. ಒಳಗೆಲ್ಲ ಕೋಳಿ ಹಿಕ್ಕೆ. ತಂದೋನು ರಾಜಣ್ಣ. ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟಲ್ಲಿ ಡ್ರೈವರ್ ಆಗಿದ್ದೋನು. ಯಾರೋ ಬಿಳಿ ಗಂಡ ಹೆಂಡ್ತಿ ಯಾವ ಕಾಲದಲ್ಲೋ ತಮ್ಮ ದೇಶದಿಂದ ರಸ್ತೆ ಮೇಲೇ ಆ ಗಾಡಿ ಓಡಿಸ್ಕೊಂಡು ಬಂದು, ಎಸ್ಟೇಟಿನ ದಣಿಗೆ ಬಿಟ್ಟುಹೋಗಿದ್ರಂತೆ. ಕಾಗದ ಪತ್ರ ದಣಿಯೇ ಸರಿ ಮಾಡಿಸಿದ್ರಂತೆ. ಆಮೇಲೆ ಅದು ಕೋಳಿಗೂಡಾಯ್ತು. ರಾಜಣ್ಣ ಎಸ್ಟೇಟು ಬಿಡುವಾಗ ಅದನ್ನೇ ಕೇಳಿ ಕೊಂಡುಕೊಂಡಿದ್ದ.

ನಮ್ಮ ಮೆಕ್ಯಾನಿಕ್ಕು ಮುಂದುಗಡೆ ಬಗ್ಗಿ ನೋಡಿ, "ಇಂಜಿನ್ನೇ ಬಿಚ್ಕಂಡೋಗವ್ರಲ್ಲೋ" ಅಂದ. ಇಂಜಿನ್ನು ಹಿಂದೆ ಇತ್ತು. ಅಲ್ಲಿ ಹೋಗಿ ನೀರು ಹಾಕೋ ಜಾಗ ಹುಡುಕಿದ, ಅದೂ ಇರಲಿಲ್ಲ. ಗಾಳಿಗೇ ತಣ್ಣಗಾಗೋ ಇಂಜಿನ್ನದು, ರೇಡಿಯೇಟರ್ ಇಲ್ಲವೇ ಇಲ್ಲ ಅಂತ ರಾಜಣ್ಣ ಹೇಳಿದ್ರೆ ನಂಬಲಿಲ್ಲ. ಮಧ್ಯಾಹ್ನದವರೆಗೂ ಕೈಲಿ ಕೊಡ ಹಿಡ್ಕೊಂಡು ಗಾಡಿ ಸುತ್ತ ಸುತ್ತಿದ.

ನನ್ನ ಕಣ್ಣು ಒಳಗಡೆ ಇತ್ತು. ಹಿಕ್ಕೆ ಕೆರೆದು ತೊಳೆದ ಮೇಲೆ ಕಂಡಿದ್ದೆಲ್ಲ ಮರ. ಬೆಂಚು ಎಳೆದ್ರೆ ಮಂಚ ಆಗೋದು. ಮಂಚದ ಕೆಳಗೆ ಬಟ್ಟೆ ಪೆಟ್ಟಿಗೆ. ಪಕ್ಕದಲ್ಲಿ ಸೊಂಟದೆತ್ತರದ ಒಂದು ಅಡುಗೆಕಟ್ಟೆ, ಒಂದು ಸಣ್ಣ ಪಾತ್ರೆ ತೊಳೆಯೋ ತೊಟ್ಟಿ, ಅದರ ಮೇಲೆ ಮುಚ್ಚಳ ಮಡಚಿದ್ರೆ ಅದೇ ಮೇಜು. ಮೇಲಿನ ಸೂರು ಕೊಂಡಿ ತೆಗೆದು ತಳ್ಳಿದ್ರೆ ಎದ್ದು ನಿಲ್ಲೋದು, ಒಳಗೆ ಆಳು ನೆಟ್ಟಗೆ ನಿಲ್ಲಬೋದಿತ್ತು. ಯಾವ ಪುಣ್ಯಾತ್ಮ ಬಡಗಿ ಮಾಡಿದ್ನೋ, ಒಂದಿಂಚು ಜಾಗ ದಂಡ ಮಾಡಿರಲಿಲ್ಲ. ಅರ್ಧ ಕೊಳೆತುಹೋಗಿತ್ತು. ಆ ಅರ್ಧ ನಾನು ಮಾಡಬೇಕಿತ್ತು. ಎಷ್ಟೋ ತಿಂಗಳ ಮೇಲೆ ಅವತ್ತು ನನಗೆ ಹೊಟ್ಟೆ ತುಂಬ ಊಟ ಸೇರಿತು.

ಆ ಗಾಡಿಗೆ ಏನೋ ಒಂದು ಸೆಳೆತ ಇತ್ತು. ಬಂದೋರೆಲ್ಲ ಒಂದು ಸಲ ಹತ್ತಿ ಕೂರಬೇಕು, ಕೂತೋರು ಮಲಗಿ ನೋಡಬೇಕು. ಬಸ್ ಮಾಲೀಕರು ತಮ್ಮ ಕೆಲಸ ಮರೆತು ಅದರೊಳಗೆ ಕೂತು ಬೀಡಿ ಸೇದೋರು. ಗೌಡ್ರೇ ಒಂದು ಮಧ್ಯಾಹ್ನ ಚಪ್ಪಲಿ ಬಿಟ್ಟು ಮಂಚದ ಮೇಲೆ ಕಾಲು ಚಾಚಿದ್ರು. "ಸಂಸಾರ ಬುಟ್ಟು ಇದ್ರಲ್ಲಿ ಎತ್ಲಾಗಾದ್ರೂ ಒಂಟೋಗ್ಬುಡ್ಬೇಕು ಕಣ್ಲಾ. ಯಾವನೂ ಕೇಳಂಗಿಲ್ಲ" ಅಂದ್ರು. ಎಲ್ಲರೂ ಅದನ್ನೇ ಅಂದ್ರು. ಯಾವನೂ ಕೇಳಂಗಿಲ್ಲ.

ರಾಜಣ್ಣನ ಹೆಂಡತಿ ಸುಜಾತ ಮೇಡಂ. ಚನ್ನರಾಯಪಟ್ಟಣದ ಒಂದು ಹೈಸ್ಕೂಲಲ್ಲಿ ಗಣಿತದ ಟೀಚರ್. ಕೆಲಸ ಅರ್ಧ ಆದಾಗ ನೋಡೋಕೆ ಬಂದ್ರು. ಸಣ್ಣ ಆಳು, ಮಾತು ಕಡಿಮೆ, ಕೈಲೊಂದು ನೋಟುಬುಕ್ಕು. ಒಳಗೆ ಹತ್ತಿ ಎಲ್ಲ ಅಳತೆ ಬರ್ಕೊಂಡ್ರು. ಇಲ್ಲಿ ಪುಸ್ತಕಕ್ಕೆ ಒಂದು ಹಲಗೆ, ಇಲ್ಲಿ ಸೀಮೆಣ್ಣೆ ಸ್ಟವ್ವು ಅಲ್ಲಾಡದ ಹಾಗೆ ಒಂದು ಕಟ್ಟೆ ಅಂತ ಹೇಳಿದ್ರು. ಆಮೇಲೆ ಗೋಡೆ ಮುಟ್ಟಿ, "ಇಲ್ಲೊಂದು ಮೊಳೆ ಹೊಡೀರಿ ಆಚಾರ್ರೇ" ಅಂದ್ರು.

"ಏನಕ್ಕೆ ಮೇಡಂ?"

"ಏನಕ್ಕೂ ಇಲ್ಲ. ಬಾಡಿಗೆ ಮನೇಲಿ ಮೊಳೆ ಹೊಡೆಯೋಕೆ ಬಿಡಲ್ಲ. ಇಲ್ಲಿ ಹೊಡಿಸ್ಬೇಕು ಅನ್ನಿಸ್ತು."

ಹೊಡೆದುಕೊಟ್ಟೆ. ಆವಾಗ ನನ್ನ ಬಾಯಿ ಸುಮ್ಮನಿರಬೇಕಿತ್ತು. "ಇದಕ್ಕೆ ಸುರಿಯೋ ಬದಲು ಒಳ್ಳೇ ಮನೆ ನೋಡ್ಕೋಬೋದಿತ್ತಲ್ಲ ಮೇಡಂ? ಇಬ್ಬರೂ ದುಡೀತೀರಿ" ಅಂದೆ.

"ಯಾರು ಕೊಡ್ತಾರೆ?" ಅಂದ್ರು. ನಾನು ಕೇಳೋ ಮೊದಲೇ ಅವರೇ ಹೇಳಿದ್ರು. "ಮೊದಲು ಅರಕಲಗೂಡಲ್ಲಿ ಇದ್ವಿ. ಮೂರು ತಿಂಗಳು ಏನೂ ತೊಂದರೆ ಇಲ್ಲ. ನನ್ನ ತಂಗಿ ಮದುವೆ ಕಾಗದ ಪೋಸ್ಟಲ್ಲಿ ಬಂತು, ಮೇಲೆ ಬುದ್ಧನ ಚಿತ್ರ. ಓನರೇ ತಂದು ಕೈಗೆ ಕೊಟ್ರು. ಮಾರನೇ ದಿನ ಅವರ ಅಣ್ಣನ ಮಗನಿಗೆ ಮನೆ ಬೇಕಾಯ್ತು. ಆಮೇಲೆ ಹೊಳೆನರಸೀಪುರ. ಅಲ್ಲಿ ಒಬ್ಬರು ಕೇಳಿದ ರೀತಿ ಬೇರೆ. ನಿಮ್ಮೂರಲ್ಲಿ ನಿಮ್ಮನೆ ಯಾವ ಕಡೆ ಬರ್ತದೆ ಅಂದ್ರು. ಊರು ಯಾವುದು ಅಂದ್ರೆ ಹೇಳಬೋದು. ಊರಲ್ಲಿ ಯಾವ ಕಡೆ ಅಂದ್ರೆ ಮುಗೀತಲ್ಲ. ಚನ್ನರಾಯಪಟ್ಟಣದಲ್ಲಿ ಈಗಿರೋ ಓನರ್ ವಾಸಿ. ಯಾವ ಪೈಕಿ ಅಂತ ನೆಟ್ಟಗೆ ಕೇಳಿದ್ರು. ಹೇಳಿದ್ವಿ. ಬಾವಿ ಮುಟ್ಟಬೇಡಿ ಅಂತ ಹೇಳಿ ಕೊಟ್ರು. ಏಳು ಮನೆ ಆಯ್ತು ಆಚಾರ್ರೇ. ಅದಕ್ಕೆ ಇವರು ಎಸ್ಟೇಟಿನ ಗಾಡಿ ವಿಷಯ ಹೇಳಿದಾಗ ನಾನು ಎರಡನೇ ಮಾತಾಡಲಿಲ್ಲ. ಇದರಲ್ಲಿ ನಾವೇ ಓನರು."

ನಾನು ಹಲಗೆಗೆ ತೋಪಡ ಹಾಕಿ ನುಣುಪು ಮಾಡ್ತಾ ಇದ್ದೆ. ತಲೆ ಎತ್ತಲಿಲ್ಲ. ಬೇಜಾರಾಯ್ತು ಅಂದೆ. ನಿಜವಾಗೂ ಆಗಿತ್ತು.

ಯುಗಾದಿ ಹೊತ್ತಿಗೆ ಗಾಡಿ ನಿಮ್ಮ ಕೈಲಿರ್ತದೆ ಅಂತ ನಾನು ಮಾತು ಕೊಟ್ಟಿದ್ದೆ. ಈ ಕೆಲಸದಲ್ಲಿ ಯಾರಿಗೂ ತಾರೀಕು ಹೇಳಬೇಡಿ. ಉಸ್ತಾದ್ ನನಗೆ ನೂರು ಸಲ ಹೇಳಿದ್ರು. "ಲಕ್ಡಿ ಮಾತು ಕೇಳ್ತದೆ, ಲೋಹಾ ಮಾತು ಕೇಳ್ತದೆ, ಸೇಠ್ ಮಾತು ಕೇಳಲ್ಲ" ಅನ್ನೋರು. ಹಾಗೇ ಆಯ್ತು. ಯುಗಾದಿಗೆ ಹದಿನೈದು ದಿನ ಇರೋವಾಗ ಒಬ್ಬ ಬಸ್ ಮಾಲೀಕರು ಎರಡು ಚಾಸಿ ಒಟ್ಟಿಗೆ ತಂದು ನಿಲ್ಲಿಸಿದ್ರು. ಗೌಡ್ರು ವ್ಯಾನಿನ ಕೆಲಸ ನಿಲ್ಲಿಸಿಬಿಟ್ರು. "ಅದೇನ್ ಮದ್ವೆ ದಿಬ್ಬಣಕ್ಕೋಗ್ಬೇಕಾ? ನಿಂತಿರ್ಲಿ ಬುಡ್ಲಾ" ಅಂದ್ರು. ನಾನು ಎದುರು ಮಾತಾಡಲಿಲ್ಲ.

ಅಷ್ಟೊತ್ತಿಗೆ ರಾಜಣ್ಣ, ಮೇಡಂ ನನ್ನ ಮಾತು ನಂಬಿ ಚನ್ನರಾಯಪಟ್ಟಣದ ಮನೆ ಖಾಲಿ ಮಾಡಿಬಿಟ್ಟಿದ್ರು. ಸಾಮಾನೆಲ್ಲ ಒಬ್ಬ ನೆಂಟರ ಮನೆ ಜಗಲಿಗೆ ಹಾಕಿದ್ರು. ಮೇಡಮ್ಮಿಗೆ ಪರೀಕ್ಷೆ ಪೇಪರು ತಿದ್ದೋ ಕೆಲಸ ಹಾಸನದಲ್ಲೇ ಬಿದ್ದಿತ್ತು. ಒಂದು ಬೆಳಿಗ್ಗೆ ಇಬ್ಬರೂ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡ್ಕೊಂಡು ಷೆಡ್ಡಿಗೆ ಬಂದ್ರು. ವ್ಯಾನಿಗೆ ಬಾಗಿಲಿರಲಿಲ್ಲ, ಬಾಗಿಲು ಉಸ್ತಾದ್ ಹತ್ರ ಬಿಚ್ಚಿ ಬಿದ್ದಿತ್ತು.

ಮೇಡಂ ನನ್ನ ಹತ್ರ ಬಂದ್ರು. "ಆಚಾರ್ರೇ, ಪ್ಲೈವುಡ್ ಬಣ್ಣ ನೋಡೋಕೆ ಇವರು ನಿಮ್ಮನೆಗೆ ಬಂದಿದ್ರಂತೆ. ಹಿತ್ತಲ ಕಡೆ ಒಂದು ರೂಮಿದೆ, ಬಾಡಿಗೆಗಿದೆ ಅಂತ ಬೋರ್ಡು ನೋಡಿದ್ರಂತೆ. ಗಾಡಿ ಆಗೋವರೆಗೆ, ಇಪ್ಪತ್ತು ದಿನ ಸಾಕು" ಅಂದ್ರು.

ನನ್ನ ಕೈಲಿ ಉಳಿ ಇತ್ತು. "ಅಯ್ಯೋ, ಅದು ಕೊಟ್ಟಾಯ್ತಲ್ಲ ಮೇಡಂ" ಅಂದೆ. ನಾಲಿಗೆ ಯೋಚನೆ ಮಾಡಲೇ ಇಲ್ಲ.

"ಹೌದಾ?"

"ನಿನ್ನೆ ತಾನೇ ಅಡ್ವಾನ್ಸ್ ಈಸ್ಕೊಂಡೆ. ಬೋರ್ಡು ತೆಗೆಯೋದು ಮರ್ತಿದೀನಿ ನೋಡಿ."

ಮೇಡಂ ನನ್ನ ಮುಖ ನೋಡಿದ್ರು. ಒಂದು ಗಳಿಗೆ ಅಷ್ಟೇ. "ಸರಿ, ಪರವಾಗಿಲ್ಲ ಬಿಡಿ" ಅಂದ್ರು. ಆಮೇಲೆ ಆ ಅಡುಗೆಕಟ್ಟೆ ಎತ್ತರ ಒಂದಿಂಚು ಕಡಿಮೆ ಮಾಡೋಕಾಗ್ತದಾ ಅಂತ ಕೇಳಿದ್ರು. ಆಗ್ತದೆ ಅಂದೆ.

ನಮ್ಮವ್ವ ಮಡಿವಂತೆ, ಬೀದಿಯವರು ಆಡ್ಕೋತಾರೆ, ಹೆಂಡತಿ ಒಪ್ಪಲ್ಲ, ಹೀಗೆಲ್ಲ ಈಗ ಬರೀಬೋದು. ಬರೆದ್ರೆ ಯಾರಾದ್ರೂ ಪಾಪ ಅಂದಾರು. ಆದರೆ ನಾನು ಅವ್ವನ್ನ ಕೇಳಲೇ ಇಲ್ಲ. ಹೆಂಡತೀನೂ ಕೇಳಲಿಲ್ಲ. ಕೇಳಿದ್ರೆ ಎಲ್ಲಿ ಹೂಂ ಅಂದುಬಿಡ್ತಾರೋ ಅನ್ನೋ ಭಯ ಇತ್ತೇನೋ. ಸಾಯಂಕಾಲ ಮನೆಗೆ ಹೋದೋನೇ ಗೇಟಿನ ಬೋರ್ಡು ಕಿತ್ತು ಸೌದೆ ಜೊತೆ ಹಾಕಿದೆ. ಅವ್ವ ಜಗಲಿ ಮೇಲೆ ಕೂತಿದ್ಲು.

"ಯಾರಿಗ್ಲಾ ಕೊಟ್ಟೆ?" ಅಂದ್ಲು.

"ಯಾರಿಗೂ ಇಲ್ಲ. ಮರ ಇಟ್ಕೋಬೇಕು" ಅಂದೆ.

ಸುಳ್ಳು ನಿಜ ಮಾಡೋಕೆ ನಾಕು ಹಲಗೆ ತಂದು ರೂಮಲ್ಲಿ ಒರಗಿಸಿದೆ. ಆ ರೂಮು ವರ್ಷಗಟ್ಟಲೆ ಹಾಗೇ ಬಿದ್ದಿತ್ತು. ಇಲಿ ಸೇರಿತು.

ಅವರಿಬ್ಬರೂ ವ್ಯಾನಲ್ಲೇ ಉಳಿದ್ರು. ನಾನು ಅಂದ್ಕೊಂಡಿದ್ದೆ, ಗೌಡ್ರು ಹಾರಾಡ್ತಾರೆ ಅಂತ. ಗೌಡ್ರು ಬಂದು ನೋಡಿ, "ಯಾರ್ಲಾ ಅವ್ರು?" ಅಂದ್ರು. ಹೇಳಿದೆ. ಮೀಸೆ ತಿರುವಿ, "ಇರ್ಲಿ ಬುಡು, ವಾಚ್‌ಮನ್ನಿಗೂ ಜೊತೆಯಾಯ್ತದೆ. ಬಚ್ಚಲಲ್ಲಿ ನೀರು ಬತ್ತದಾ ನೋಡು" ಅಂದ್ರು. ಜೀವಮಾನವೆಲ್ಲ ನಮ್ಮನ್ನ ಬೈದ ಮನುಷ್ಯನ ಬಾಯಲ್ಲಿ ಆ ಮಾತು ಬಂತು. ನನ್ನ ಬಾಯಲ್ಲಿ ಬರಲಿಲ್ಲ. ಉಸ್ತಾದ್ ಚಾಸಿ ಕೆಲಸ ಬದಿಗಿಟ್ಟು ಮೊದಲು ಅವರ ಬಾಗಿಲು ಕೂರಿಸಿದ್ರು. ಗೌಡ್ರು ಬೈತಾರೆ ಉಸ್ತಾದ್ ಅಂದ್ರೆ, "ಬೈಯ್ಲಿ. ಔರತ್ ಇರೋ ಮನೆಗೆ ದರ್ವಾಜಾ ಬೇಕು" ಅಂದ್ರು. ನಮ್ಮನೆಗೇ ಬನ್ನಿ ಅಂತಲೂ ಕರೆದ್ರು. ಮೇಡಂ, "ಬೇಡ ಉಸ್ತಾದ್, ನಮ್ಮ ಮನೇಲೇ ಇದೀವಲ್ಲ" ಅಂದ್ರು.

ಹೊಟ್ಟಿನ ಧೂಳು, ಗ್ರೈಂಡರ್ ಕಿಡಿ, ಪೇಂಟಿನ ವಾಸನೆ, ಅದರ ಮಧ್ಯೆ ಮೇಡಂ ಪೇಪರು ತಿದ್ದಿ ಬಂದು ಅಡುಗೆ ಮಾಡೋರು. ನಾನು ಬಸ್ಸಿನ ಕೆಲಸ ಮುಗಿಸಿ, ಊಟದ ಹೊತ್ತಲ್ಲಿ, ಬೆಳಿಗ್ಗೆ ಬೇಗ ಬಂದು ವ್ಯಾನಿಗೆ ಕೈ ಹಾಕ್ತಿದ್ದೆ. ಕೇಳದೆ ಇದ್ದದ್ದೂ ಮಾಡಿದೆ. ಮಂಚದ ತಲೆ ಕಡೆ ತೇಗದಲ್ಲಿ ಹೂಬಳ್ಳಿ ಕೆತ್ತಿದೆ. ಕಿಟಕಿಗೆ ಜಾರೋ ಪಟ್ಟಿ ಹಾಕಿದೆ. ಪೆಟ್ಟಿಗೆ ಮೂಲೆಗಳಿಗೆ ಮೊಳೆ ಇಲ್ಲದೆ ಹಲ್ಲಿಗೆ ಹಲ್ಲು ಕಚ್ಚೋ ಹಾಗೆ ಗಾಳೆ ಕೂರಿಸಿದೆ. ನನ್ನ ಜೀವಮಾನದಲ್ಲಿ ಅಂಥ ಕೆಲಸ ಇನ್ನೊಂದು ಮಾಡಲಿಲ್ಲ. ಇಷ್ಟೆಲ್ಲ ಮಾಡ್ತಾ ಇದ್ರೆ ಆ ಒಂದು ಮಾತು ತೀರಿಹೋಗ್ತದೆ ಅಂತ ನನ್ನ ಲೆಕ್ಕ. ಮರ ಎಷ್ಟು ನುಣುಪು ಮಾಡಿದ್ರೂ ಅದು ತೀರೋದಲ್ಲ. ಅದು ಆಗ ಗೊತ್ತಾಗಲಿಲ್ಲ.

ಗಾಡಿ ಹೊರಡೋ ದಿನ ಮೇಡಂ ಒಳಗೆ ಸ್ಟವ್ವು ಹಚ್ಚಿ ಹಾಲು ಉಕ್ಕಿಸಿದ್ರು, ಹೊಸ ಮನೆಗೆ ಮಾಡೋ ಹಾಗೇ. ಗೃಹಪ್ರವೇಶದಲ್ಲಿ ಬಡಗಿಗೆ ಬಟ್ಟೆ ಕೊಟ್ಟು ಮೊದಲು ಹಾಲು ಕೊಡೋದು ನಮ್ಮ ಕಡೆ ಪದ್ಧತಿ. ನನಗೆ ಪಂಚೆ, ಶಲ್ಯ, ಎಲೆ ಅಡಿಕೆ ಕೊಟ್ಟು ಲೋಟ ಮುಂದಿಟ್ರು. ಕುಡಿದೆ. ಖುಷಿಯಾಗೇ ಕುಡಿದೆ. ನಮ್ಮ ಬೀದಿಯವರು ಯಾರೂ ಅಲ್ಲಿರಲಿಲ್ಲ, ಅದಕ್ಕೆ ಕುಡಿಯೋದು ಸುಲಭ ಆಯ್ತು. ನನ್ನ ದೊಡ್ಡತನ ಅಂತ ಆವಾಗ ಅಂದ್ಕೊಂಡಿದ್ದೆ.

ವರ್ಷದ ಮೇಲೆ ರಾಜಣ್ಣ ಕಿಟಕಿ ಪಟ್ಟಿ ಸರಿ ಮಾಡಿಸೋಕೆ ಬಂದ. ಹೇಗಿದೀರಿ ಅಂದೆ.

"ಗಾಡಿ ಚಿನ್ನದಂಗದೆ ಆಚಾರ್ರೇ. ನಿಲ್ಸೋಕೆ ಜಾಗ ಇಲ್ಲ" ಅಂದ.

ಚನ್ನರಾಯಪಟ್ಟಣದಲ್ಲಿ ಒಂದು ಖಾಲಿ ಸೈಟಲ್ಲಿ ಬಾಡಿಗೆ ಮಾತಾಡಿ ನಿಲ್ಲಿಸಿದ್ರಂತೆ. ಸೈಟಿನವನು ಬಂದು ನೋಡಿ ಖುಷಿಪಟ್ಟನಂತೆ. ಒಳಗೆ ಹತ್ತಿ ಕಾಫಿ ಕುಡಿದು, ಮಾರನೇ ದಿನ ಮಕ್ಕಳು ಮರಿ ಎಲ್ಲ ಕರ್ಕೊಂಡು ಬಂದು ತೋರಿಸಿದನಂತೆ. ಹದಿನೈದು ದಿನ ಆದ ಮೇಲೆ ಕೇಳಿದನಂತೆ, ಯಾವ ಪೈಕಿ ಅಂತ. ಅಲ್ಲಿಂದ ಸ್ಕೂಲ್ ಮೈದಾನದ ಮೂಲೆಗೆ ಹೋದ್ರು, ಟೀಚರು ಗಾಡೀಲಿ ವಾಸ ಮಾಡಿದ್ರೆ ಮಕ್ಕಳು ಏನು ಕಲಿತಾರೆ ಅಂತ ಯಾರೋ ಅರ್ಜಿ ಬರೆದ್ರು. ರಜೇಲಿ ದೊಡ್ಡಗದ್ದವಳ್ಳಿ ಹತ್ರ ಒಬ್ಬ ರೈತರ ಹೊಲದ ಅಂಚಲ್ಲಿ ನಿಲ್ಲಿಸಿದ್ರು. ರೈತ ಒಳ್ಳೇವನು, ಬೆಳಿಗ್ಗೆ ಹಾಲು ತಂದುಕೊಟ್ಟ. ಅವರಮ್ಮ ಬಂದು ರಾಜಣ್ಣನ ಊರು ಕೇಳಿದ್ಲು, ಊರಲ್ಲಿ ಯಾವ ಕಡೆ ಅಂತಲೂ ಕೇಳಿದ್ಲು. ಮಾರನೇ ದಿನ ಹಾಲು ಬರಲಿಲ್ಲ.

"ಗಾಲಿ ಇದ್ರೂ ಅದು ನಿಲ್ಲೋದು ನೆಲದ ಮ್ಯಾಲೆ ತಾನೇ. ನೆಲ ಯಾರದ್ದಾದ್ರೂ ಆಗಿರ್ತದೆ" ಅಂದ ರಾಜಣ್ಣ.

ಶೆಟ್ಟಿಹಳ್ಳಿ ಹಿನ್ನೀರು ಒಂದೇ ಅವರನ್ನ ಕೇಳಲಿಲ್ಲವಂತೆ. ನೀರು ಇಳಿದಾಗ ಪಾಳು ಚರ್ಚಿನ ಹತ್ರ ಹೋಗಿ ಭಾನುವಾರ ಇರ್ತಿದ್ರು. ಅಲ್ಲಿ ನೋಡೋಕೆ ಬರೋ ಜನ ಚರ್ಚು ಬಿಟ್ಟು ವ್ಯಾನಿನ ಫೋಟೋ ಹಿಡಿಯೋರು. ಒಬ್ಬ ಹುಡುಗಿ ಮೇಡಂ ಕೈ ಹಿಡ್ಕೊಂಡು, "ಆಂಟಿ, ನಿಮ್ಮದು ಎಂಥ ಫ್ರೀ ಲೈಫು. ನಾವೂ ಎಲ್ಲ ಬಿಟ್ಟು ಹೀಗಿರಬೇಕು ಅನ್ಸುತ್ತೆ" ಅಂದ್ಲಂತೆ. ಮೇಡಂ ಅವಳಿಗೆ ಟೀ ಮಾಡಿಕೊಟ್ಟು ಕಳಿಸಿದ್ರಂತೆ.

ಪಟ್ಟಿ ಸರಿ ಮಾಡಿ ಕಳಿಸಿದೆ. ಆವಾಗಲೂ ನಮ್ಮ ರೂಮಲ್ಲಿ ಹಲಗೆ ಒರಗೇ ಇದ್ದವು. ಕರೀಬೋದಿತ್ತು. ಕರೀಲಿಲ್ಲ.

ಆಮೇಲೆ ವರ್ಷಗಳು ಹೋದ್ವು. ಉಸ್ತಾದ್ ತೀರಿಕೊಂಡ್ರು. ಗೌಡ್ರ ಮಗ ಬಂದ, ಫೈಬರ್ ಬಂತು, ಅಚ್ಚಿಗೆ ಹುಯ್ದು ಬಸ್ಸಿನ ಮೂತಿ ತೆಗೆಯೋದು ಬಂತು. ನನಗೆ ಕೆಲಸ ಇಲ್ಲದ ದಿನಗಳೇ ಹೆಚ್ಚು. ನಾನು ಕೆಲಸ ಬಿಡೋ ವರ್ಷ ಆ ವ್ಯಾನು ಮತ್ತೆ ಷೆಡ್ಡಿಗೆ ಬಂತು. ಈ ಸಲ ತಾನೇ ಓಡ್ಕೊಂಡು ಬಂತು. ಸ್ಟೀರಿಂಗ್ ಹಿಡಿದಿದ್ದೋರು ಬೆಂಗಳೂರಿನ ಒಬ್ಬ ಸಾಹೇಬ್ರು, ಹಳೇ ಗಾಡಿ ಹುಚ್ಚು. ರಾಜಣ್ಣನಿಂದ ಕೊಂಡಿದ್ರಂತೆ. ಹೊರಗೆ ಎರಡು ಬಣ್ಣ ಹೊಡೆಸಬೇಕು, ಒಳಗೆ ಪಾಲೀಶ್ ಆಗಬೇಕು, ವರ್ಷಕ್ಕೊಂದು ಸಲ ಹಳೇ ಗಾಡಿಗಳ ಮೆರವಣಿಗೆಗೆ ಒಯ್ಯಬೇಕು ಅಂದ್ರು. ಒಳ್ಳೇ ಮನುಷ್ಯರೇ. ಹೂಬಳ್ಳಿ ಕೆತ್ತಿದ್ದು ನಾನೇ ಅಂದ ತಕ್ಷಣ ನನ್ನ ಕೈ ಕುಲುಕಿದ್ರು.

"ಮನೆ ಮಠ ಅಂತ ಒಂದೇ ಕಡೆ ಅಂಟ್ಕೊಂಡಿರೋದು ನನಗಾಗಲ್ಲ ಆಚಾರ್ರೇ. ಇದಿದ್ರೆ ಎಲ್ಲಿ ಬೇಕಾದ್ರೂ ನಿಲ್ಲಿಸ್ಕೊಂಡು ಮಲಗ್ತೀನಿ. ಯಾರೂ ಕೇಳೋರಿಲ್ಲ" ಅಂದ್ರು.

"ನಿಮ್ಮನ್ನ ಯಾರೂ ಕೇಳಲ್ಲ ಬಿಡಿ ಸಾರ್" ಅಂದೆ. ಅವರು ಅದನ್ನ ಹೊಗಳಿಕೆ ಅಂದ್ಕೊಂಡು ನಕ್ಕರು. ಗಾಡಿ ಮಾರಿದೋರು ಈಗ ಎಲ್ಲಿದಾರೆ ಅಂತ ಕೇಳಿದೆ. ಹೊಳೆನರಸೀಪುರದ ವಿಳಾಸ ಕೊಟ್ರು.

ಮುಂದಿನ ಭಾನುವಾರ ಬಸ್ಸು ಹತ್ತಿದೆ. ಊರಾಚೆ ಹೊಸ ಬಡಾವಣೆ. ಗೋಡೆಗಳ ಮೇಲೆ ನೀಲಿ ಬಣ್ಣದ ಬರಹಗಳು. ಮೇಡಂ ಪೈಕಿಯವರೇ ಕಟ್ಟಿಕೊಂಡ ಮನೆಗಳು. ಅವರದ್ದೂ ಒಂದು, ಎರಡು ರೂಮಿಂದು, ಮುಂದೆ ಒಂದು ನಿಂಬೆ ಗಿಡ. ರಾಜಣ್ಣ ಬಾಡಿಗೆ ಕಾರು ತಗೊಂಡು ಧರ್ಮಸ್ಥಳಕ್ಕೆ ಹೋಗಿದ್ದ. ಮೇಡಂ ಕೂದಲು ಅರ್ಧ ಬೆಳ್ಳಗಾಗಿತ್ತು. ಗುರುತು ಹಿಡಿದು, ಬನ್ನಿ ಆಚಾರ್ರೇ ಅಂತ ಒಳಗೆ ಕರೆದು ಕೂರಿಸಿದ್ರು.

"ಕೊನೆಗೆ ಇಲ್ಲಿಗೇ ಬಂದ್ವಿ. ಇಲ್ಲಿ ಯಾರೂ ಕೇಳಲ್ಲ, ಎಲ್ಲರಿಗೂ ಗೊತ್ತಲ್ಲ" ಅಂದ್ರು.

ಅವರ ವ್ಯಾನು ನೋಡಿದ ಕಥೆ ಹೇಳಿದೆ. ಪಾಲೀಶಿನ ವಿಷಯ ಹೇಳಿದೆ. ಕಾಫಿ ಕೊಟ್ರು, ಕುಡಿದೆ. ಹೇಳೋಕೆ ಬಂದ ಮಾತು ಇನ್ನೂ ಹೇಳಿರಲಿಲ್ಲ. ಇಷ್ಟು ವರ್ಷ ನಾನು ಒಂದು ಕಥೆ ಕಟ್ಟಿಕೊಂಡಿದ್ದೆ. ಮೇಡಂ ದೊಡ್ಡ ಮನಸ್ಸಿನ ಹೆಂಗಸು, ನನ್ನ ಸುಳ್ಳು ಗೊತ್ತಾಗಿಯೂ ನನ್ನ ಮಾನ ಉಳಿಸಿದ್ರು ಅಂತ. ಷೆಡ್ಡಲ್ಲಿ ಹುಡುಗರಿಗೆ ಅವರ ಹೆಸರು ಹೇಳದೆ ಈ ಕಥೆ ಎಷ್ಟೋ ಸಲ ಹೇಳಿದೀನಿ, ನೋಡ್ರೋ ಅಂಥೋರೂ ಇದ್ರು ಅಂತ. ಹೇಳಿದಾಗೆಲ್ಲ ನನಗೇ ಒಂದು ಥರಾ ಸಮಾಧಾನ ಆಗೋದು.

"ಮೇಡಂ, ಆವತ್ತು ನಮ್ಮ ಹಿತ್ತಲ ರೂಮು ಖಾಲಿ ಇತ್ತು. ನಾನು ಸುಳ್ಳು ಹೇಳಿದೆ" ಅಂದೆ.

"ಗೊತ್ತು."

"ಗೊತ್ತಿತ್ತು ಅಂತ ನನಗೂ ಗೊತ್ತು. ಆದರೂ ನೀವು ಒಂದು ಮಾತು ಅನ್ನಲಿಲ್ಲ. ನನ್ನ ಮರ್ಯಾದೆ ಉಳಿಸಿದ್ರಿ."

ಮೇಡಂ ಲೋಟ ಕೆಳಗಿಟ್ರು. "ನಿಮ್ಮ ಮರ್ಯಾದೆ ನನಗ್ಯಾಕೆ ಆಚಾರ್ರೇ? ನಾನು ಅಂದಿದ್ರೆ ನಿಮಗೆ ನಾಚಿಕೆ ಆಗ್ತಿತ್ತು. ನಾಚಿಕೆ ಆದೋರು ಮುಖ ತಪ್ಪಿಸ್ತಾರೆ, ಕೆಲಸ ಬಿಟ್ಟು ಹೋಗ್ತಾರೆ. ಗಾಡಿ ಅರ್ಧ ಆಗಿತ್ತು, ನಮಗೆ ಬೇರೆ ಮನೆ ಇರಲಿಲ್ಲ. ಅಂಥ ಮರಗೆಲಸ ಗೊತ್ತಿದ್ದೋರು ಹಾಸನದಲ್ಲಿ ನೀವೊಬ್ಬರೇ ಇದ್ರಿ. ಅದಕ್ಕೆ ಸುಮ್ಮನಿದ್ದೆ. ಏಳು ಮನೇಲೂ ಹಾಗೇ ಸುಮ್ಮನಿದ್ದೆ."

ತಪ್ಪಾಯ್ತು ಮೇಡಂ ಅಂದೆ. ಕ್ಷಮಿಸಿಬಿಡಿ ಅಂದೆ. ಕಣ್ಣಲ್ಲಿ ನೀರೂ ಬಂತು.

ಮೇಡಂ ಲೋಟ ಬದಿಗೆ ಸರಿಸಿದ್ರು. ಸಿಟ್ಟಿರಲಿಲ್ಲ, ಲೆಕ್ಕ ತಪ್ಪು ಮಾಡಿದ ಮಗೂನ ಕೇಳೋ ಹಾಗೆ ಕೇಳಿದ್ರು.

"ಹೇಳಿದ್ರಿ, ನಿಮಗೆ ಹಗುರಾಯ್ತು. ಊರಿಗೆ ಹೋಗಿ ನಿದ್ದೆ ಮಾಡ್ತೀರಿ. ಇಷ್ಟು ದಿನ ನೀವು ಬಾಯಿಬಿಟ್ಟು ಹೇಳದೆ ಇದ್ದದ್ದನ್ನ ಇವತ್ತು ನನ್ನ ಮನೆಯೊಳಗೇ ಬಂದು ನನ್ನ ಕಿವಿಗೆ ಹಾಕಿದ್ರಿ. ಈಗ ಇದನ್ನ ನಾನು ಎಲ್ಲಿ ಇಟ್ಕೊಳ್ಳಲಿ, ಹೇಳಿ?"

ನಾನು ಎದ್ದು, ಬಾಗಿಲ ಹತ್ರ ಚಪ್ಪಲಿ ಮೆಟ್ಟಿಕೊಂಡು, ಬಸ್‌ಸ್ಟ್ಯಾಂಡಿಗೆ ನಡೆದೆ.